ಅಭ್ಯಾಸದ ಪಾಪನಿವೇದನೆ

ಲ್ಯಾನ್ಸಿ, ನಿನ್ನ ವಿಷಯವನ್ನು ಸೆಮಿನರಿಯ ಮುಖ್ಯಸ್ಥರಾದ ರೆಕ್ಟರರ ಕಿವಿಗೆ ಹಾಕಿದ್ದು ಫಾದರ್ ಮಾರ್ಸೆಲ್ ಅಲ್ಲ. ನಾನು. ಪಾದ್ರಿಯಾಗಲೆಂದು ಸೆಮಿನರಿಯಲ್ಲಿ ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ದೇವಶಾಸ್ತ್ರ ಓದಿದ, ರಜೆ ಬಂದರೆ ಕಟಪಾಡಿಯಲ್ಲಿ ಬಸ್ಸಿಳಿದು ನಿನ್ನ ಮನೆಗೆ ಬಂದು ನಿನ್ನ ಅಮ್ಮ ಮಾಡಿದ ಬಂಗುಡೆ ಮೀನಿನ ಗಸಿ ಉಂಡ ಐವನ್ — ನಾನೇ. ಈಗ ಕಾರ್ಕಳದ ಕಡೆ ಒಂದು ಚಿಕ್ಕ ಇಗರ್ಜಿಯ ಪಾದ್ರಿ. ಶನಿವಾರ ಸಂಜೆ ಜನರ ಪಾಪನಿವೇದನೆ ಕೇಳಲು ಕೂರುತ್ತೇನೆ. ನನ್ನದನ್ನು ಮಾತ್ರ ಯಾರಿಗೂ — ಇಲ್ಲ, ಸುಳ್ಳು ಹೇಳಬಾರದು, ನನ್ನದನ್ನೂ ಹೇಳಿದ್ದೇನೆ, ಬೇರೆ ಪಾದ್ರಿಗಳ ಮುಂದೆ ಮೊಣಕಾಲೂರಿ, ಹಲವು ಸಲ. ಪಾಪಕ್ಷಮೆಯೂ ಸಿಕ್ಕಿದೆ. ಆದರೆ ಪ್ರತಿಯೊಬ್ಬರೂ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಆ ಮನುಷ್ಯನಿಗೆ ಹೇಳಿದ್ದೀರಾ?" ಪ್ರತಿ ಸಲವೂ "ಹೇಳುತ್ತೇನೆ" ಎಂದಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ಬೇರೆಯವರು ಓದಿದರೆ ಅವರಿಗೂ ತಿಳಿಯಲಿ. ದೇವಶಾಸ್ತ್ರದ ಕೊನೆಯ ವರ್ಷ ನಮಗೆ ಪಾಪನಿವೇದನೆ ಕೇಳುವ ಅಭ್ಯಾಸ ಮಾಡಿಸುತ್ತಿದ್ದರು. ದೀಕ್ಷೆ ಇನ್ನೂ ಆಗಿರಲಿಲ್ಲ, ಅದರ ಹಿಂದಿನ ಮೆಟ್ಟಿಲಾದ ಡೀಕನ್ ಕೂಡ ಆಗಿರಲಿಲ್ಲ. ಆದರೂ ಇಬ್ಬಿಬ್ಬರಾಗಿ ಕೂರಬೇಕು. ಒಬ್ಬ ಪಾದ್ರಿ, ಇನ್ನೊಬ್ಬ ಪಾಪಿ. ಮಾಡಿದ ಪಾಪ ಹೇಳುವಂತಿಲ್ಲ, ಕಲ್ಪಿಸಿ ಕಟ್ಟಿದ ಪಾಪ ಹೇಳಬೇಕು — ಅದು ನಿಯಮ. ನಾನು ಪಾಪಿಯಾದ ದಿನ ನೆರೆಮನೆಯವರ ಹೊಲದಿಂದ ಮಟ್ಟು ಗುಳ್ಳ ಬದನೆ ಕದ್ದೆ ಎಂದು ಹೇಳಿದ್ದೆ. ನೀನು ಪಾದ್ರಿಯ ಗಾಂಭೀರ್ಯದಲ್ಲಿ "ಎಷ್ಟು ಗುಳ್ಳ? ಸಾಂಬಾರಿಗೋ ಪೋಡಿಗೋ?" ಎಂದು ವಿಚಾರಿಸಿದೆ. ನಾವು ನಕ್ಕ ನಗೆಗೆ ಆಚೆ ಮೂಲೆಯವರೂ ತಿರುಗಿ ನೋಡಿದ್ದರು.

ಅದನ್ನು ಕಲಿಸುತ್ತಿದ್ದವರು ಫಾದರ್ ಮಾರ್ಸೆಲ್. ಧರ್ಮಸಭೆಯ ಇತಿಹಾಸವೂ ಅವರದೇ ವಿಷಯ. ನಶ್ಯ ಏರಿಸಿ, ಕಾಲಿಗೆ ಹಳೆಯ ಚಪ್ಪಲಿ ಹಾಕಿ, ಜೋಡಿಯಿಂದ ಜೋಡಿಗೆ ಸದ್ದಿಲ್ಲದೆ ಓಡಾಡುತ್ತಿದ್ದರು. ಮೊದಲ ದಿನವೇ ಹೇಳಿದ್ದರು: "ಇದು ಸಂಸ್ಕಾರ ಅಲ್ಲ, ಬರೀ ಅಭ್ಯಾಸ. ಆದ್ರೂ ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕು. ಕಿವಿಗೆ ಮಾತ್ರ ಅಲ್ಲ, ನಾಲಿಗೆಗೂ ಅಭ್ಯಾಸ ಬೇಕು ಮಕ್ಕಳೇ."

ಆಮೇಲೆ ನಿನ್ನ ಸರದಿ ಬಂತು. ಪ್ರಾರ್ಥನಾಲಯದ ಪಕ್ಕದ ಜಗಲಿಯಲ್ಲಿ ನಾನು ಕುರ್ಚಿಯಲ್ಲಿ, ನೀನು ಎದುರು. ಯಾವ ತಮಾಷೆಯ ಪಾಪ ತರುತ್ತೀಯೋ ಎಂದು ನಾನು ಮೊದಲೇ ನಗಲು ಸಿದ್ಧನಾಗಿದ್ದೆ. ನೀನು ಶಿಲುಬೆ ಗುರುತು ಮಾಡಿಕೊಂಡು ಹೇಳಿದೆ —

"ಫಾದರ್, ನಾನು ಪ್ರಾರ್ಥನೆ ಮಾಡುವಾಗ ಆ ಕಡೆ ಯಾರೂ ಇಲ್ಲ. ಎರಡು ವರ್ಷ ಆಯ್ತು. ನಾನು ಕೀರ್ತನೆ ಓದಿದ್ರೆ ಜನ ಅಳ್ತಾರೆ. ನನಗೆ ಗೋಡೆಗೆ ಹೇಳಿದ ಹಾಗೆ ಆಗ್ತದೆ."

ಎಷ್ಟು ಚೆನ್ನಾಗಿ ಕಟ್ಟಿದ್ದಾನೆ ಎಂದುಕೊಂಡೆ. ನೀನು ಎಲ್ಲದರಲ್ಲೂ ಮುಂದಿದ್ದವನಲ್ಲವೇ. ಆಮೇಲೆ ನಿನ್ನ ಮುಖ ನೋಡಿದೆ. ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು "ಫಾದರ್" ಎನ್ನುವಾಗ ಎಲ್ಲರಿಗೂ ತುಟಿಯಂಚಿನಲ್ಲಿ ನಗು ಇರುತ್ತಿತ್ತು. ನಿನಗೆ ಇರಲಿಲ್ಲ. ಇನ್ನೆಲ್ಲೂ ಹೇಳಲಾಗದ್ದನ್ನು ಹೇಳಲು ನೀನು ಈ ಆಟವನ್ನೇ ಆರಿಸಿಕೊಂಡಿದ್ದೆ. ಆಟದಲ್ಲಿ ನಿನ್ನ ಎದುರು ಕೂತವನು ನಾನು ಎಂಬ ನಂಬಿಕೆಯಿಂದ — ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯ ಹುಟ್ಟುತ್ತದೆ. ನಾನು ಪುಸ್ತಕದಲ್ಲಿದ್ದ ಉತ್ತರ ಕೊಟ್ಟೆ. ಸಂತರಿಗೂ ಇಂಥ ಬರಡುತನ ಬಂದಿತ್ತು, ಧೈರ್ಯವಾಗಿರು, ಪ್ರಾಯಶ್ಚಿತ್ತಕ್ಕೆ ಮೂರು ಸಲ ನಮೋ ಮರಿಯ ಪ್ರಾರ್ಥನೆ ಹೇಳು.

"ಅಷ್ಟೇನಾ, ಐವನ್?" ಎಂದೆ ನೀನು. ಫಾದರ್ ಎನ್ನಲಿಲ್ಲ.

ಅಷ್ಟರಲ್ಲಿ ಫಾದರ್ ಮಾರ್ಸೆಲರ ನೆರಳು ಜಗಲಿಗೆ ಬಿತ್ತು. ನೀನು ಎದ್ದು, ಹೇಗಿತ್ತು ನನ್ನ ನಟನೆ ಎಂಬಂತೆ ನಕ್ಕೆ. ಅವರು ನಿನ್ನ ಹೆಗಲು ತಟ್ಟಿ ಮುಂದೆ ಹೋದರು. ಅವರಿಗೂ ಕೇಳಿಸಿರಬಹುದು ಎಂದು ಆಗಲೇ ನಿನಗೆ ಅನಿಸಿರಬೇಕು.

ಇನ್ನು ಮುಂದಿನದನ್ನು ಹೇಗೆ ಹೇಳಲಿ. ಆ ಸಂಜೆ ಪ್ರಾರ್ಥನೆಯಲ್ಲಿ ಕೀರ್ತನೆ ಓದುವ ಪಾಳಿ ನಿನ್ನದು. ನೀನು ಓದಿದೆ, ಇಡೀ ಪ್ರಾರ್ಥನಾಲಯ ಉಸಿರು ಬಿಗಿಹಿಡಿದು ಕೇಳಿತು, ನನ್ನ ಪಕ್ಕದವನು ಕಣ್ಣು ಒರೆಸಿಕೊಂಡ. ನನಗೆ ಬಂದದ್ದು ಕನಿಕರ ಅಲ್ಲ, ಲ್ಯಾನ್ಸಿ. ಸಿಟ್ಟು. ಹಿಂದಿನ ರಜೆಯಲ್ಲಿ ನನ್ನೂರಿನ ಇಗರ್ಜಿಯಲ್ಲಿ ನಾವಿಬ್ಬರೂ ಪ್ರವಚನ ಕೊಟ್ಟಿದ್ದೆವು, ನೆನಪಿರಬಹುದು. ಮನೆಗೆ ಬಂದ ಮೇಲೆ ನನ್ನ ಹೆತ್ತ ತಾಯಿಯೇ ಹೇಳಿದ್ದಳು: "ಲ್ಯಾನ್ಸಿ ಹೇಳಿದ್ದು ಇನ್ನೂ ಕಿವಿಯಲ್ಲಿ ಉಂಟು. ನಿಂದು ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಆಯ್ತು ಮಾರಾಯ." ನಾನೂ ನಕ್ಕಿದ್ದೆ. ನಂಬಿಕೆ ಇದ್ದವನು ನಾನು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮೊಣಕಾಲೂರುವವನು ನಾನು — ಜನ ಆಕಳಿಸುತ್ತಾರೆ. ಆ ಕಡೆ ಯಾರೂ ಇಲ್ಲ ಎನ್ನುವವನು ಓದಿದರೆ ಅಳುತ್ತಾರೆ. ಇದೆಂಥ ನ್ಯಾಯ ಎಂದು ಆ ರಾತ್ರಿ ದೇವರ ಜೊತೆ ಜಗಳ ಆಡಿದೆ. ಅದನ್ನು ಪ್ರಾರ್ಥನೆ ಎಂದುಕೊಂಡಿದ್ದೆ. ಹೊಟ್ಟೆಕಿಚ್ಚು ಎಂಬ ಸರಳವಾದ ಕನ್ನಡ ಪದ ಅದಕ್ಕೆ ಉಂಟು ಎಂದು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು.

ಮರುದಿನ ಗ್ರಂಥಾಲಯಕ್ಕೆ ಹೋಗಿ ಧರ್ಮಸಭೆಯ ಕಾನೂನಿನ ಪುಸ್ತಕ ತೆಗೆದೆ. ಗುಟ್ಟು ಕಾಯುವ ಕಟ್ಟಳೆ ಸಂಸ್ಕಾರಕ್ಕೆ ಮಾತ್ರ; ದೀಕ್ಷೆಯಾಗದವನ ಮುಂದೆ ಹೇಳಿದ್ದು ಪಾಪನಿವೇದನೆಯೇ ಅಲ್ಲ. ಕಾನೂನು ನನ್ನ ಕಡೆಗಿತ್ತು. ಆದರೆ ಮನಸ್ಸಿನಲ್ಲಿ ಕಳ್ಳ ಇಲ್ಲದವನು ಹೋಗಿ ಪುಸ್ತಕ ತೆರೆದು ನೋಡುವುದಿಲ್ಲ. ನೋಡಿಕೊಂಡೇ ರೆಕ್ಟರರ ಬಾಗಿಲು ತಟ್ಟಿದೆ. "ಫಾದರ್, ಲ್ಯಾನ್ಸಿಯ ಬಗ್ಗೆ ನನಗೊಂದು ಕಾಳಜಿ," ಎಂದೆ. ಕಾಳಜಿ! ಆ ತಿಂಗಳೇ ಇತಿಹಾಸದ ಪರೀಕ್ಷೆಯಲ್ಲಿ, ಹಿಂಸೆಗೆ ಹೆದರಿ ವಿಶ್ವಾಸ ಬಿಟ್ಟುಕೊಟ್ಟ ಆದಿಕಾಲದ ಕ್ರೈಸ್ತರನ್ನು ಸಭೆ ಮತ್ತೆ ಒಳಗೆ ಸೇರಿಸಿಕೊಂಡದ್ದು ಸರಿಯೇ ಎಂಬ ಪ್ರಶ್ನೆಗೆ ನಾನು ಪುಟಗಟ್ಟಲೆ ಬರೆದಿದ್ದೆ, ಕರುಣೆಯ ಪರವಾಗಿ. ಫಾದರ್ ಮಾರ್ಸೆಲ್ ಅದನ್ನು ತರಗತಿಯಲ್ಲಿ ಓದಿ ಹೇಳಿದ್ದರು.

ರೆಕ್ಟರರು ಕೆಟ್ಟವರಲ್ಲ. ಯಾರು ಹೇಳಿದರು ಎಂದು ಅವರು ನಿನಗೆ ಹೇಳಲಿಲ್ಲ. ನಿನ್ನನ್ನು ಕರೆಸಿ ತಪ್ಪಿಸಿಕೊಳ್ಳಲು ದಾರಿಯನ್ನೂ ತೋರಿಸಿದರು. ಅದನ್ನು ಅವರೇ ನನಗೆ ಆಮೇಲೆ ಹೇಳಿದ್ದು. "ಅದು ಅಭ್ಯಾಸಕ್ಕೆ ಕಟ್ಟಿದ್ದು ಅಲ್ವಾ?" ಎಂದು ಕೇಳಿದ್ದರಂತೆ. ಹೌದು ಎಂಬ ಒಂದು ಶಬ್ದ ಸಾಕಿತ್ತು ನಿನಗೆ. ನೀನು "ಅಲ್ಲ ಫಾದರ್, ಅದು ನಿಜ" ಎಂದೆಯಂತೆ. ಒಂದು ವರ್ಷ ಹೊರಗಿದ್ದು ಯೋಚನೆ ಮಾಡಿ ಬಾ ಎಂದು ಕಳುಹಿಸಿದರು. ನಮ್ಮೆಲ್ಲರಲ್ಲಿ ಸುಳ್ಳು ಹೇಳಲು ಬಾರದವನನ್ನು ಮನೆಗೆ ಕಳುಹಿಸಲಾಯಿತು, ಕಳುಹಿಸುವಂತೆ ಮಾಡಿದ ನಾನು ಉಳಿದುಕೊಂಡೆ.

ನಿನ್ನ ಟ್ರಂಕಿನ ಒಂದು ಕಡೆಯ ಹಿಡಿಯನ್ನು ಹಿಡಿದುಕೊಂಡು ಗೇಟಿನ ತನಕ ನಾನೇ ಬಂದಿದ್ದೆ. ಬಸ್ಸು ಬರುವುದು ತಡವಾಯಿತು. ನೀನು ಹೇಳಿದೆ: "ಫಾದರ್ ಮಾರ್ಸೆಲ್ ಕೇಳಿಸಿಕೊಂಡು ಹೇಳಿರ್ಬೇಕು. ಜೋಡಿಯಿಂದ ಜೋಡಿಗೆ ಬೆಕ್ಕಿನ ಹಾಗೆ ಓಡಾಡುವುದು ಅದಕ್ಕೇ. ನೀನು ಹೇಳ್ಲಿಕ್ಕಿಲ್ಲ, ನನಗೆ ಗೊತ್ತುಂಟು." ನಾನು ರಸ್ತೆ ನೋಡುತ್ತಾ ನಿಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಒಂದು ಕಡೆ ಆಡಿ ಕೆಡಿಸಿದ್ದೆ, ಇನ್ನೊಂದು ಕಡೆ ಆಡದೆ ಕೆಡಿಸಿದೆ. ಬಸ್ಸು ಬಂತು, ನೀನು ಹತ್ತಿದೆ.

ನೀನು ಮರಳಿ ಬರಲಿಲ್ಲ. ಸೆಮಿನರಿ ಬಿಟ್ಟು ಬಂದ ಹುಡುಗನ ಮನೆಗೆ ನಮ್ಮ ಜನ ಎಂತೆಂಥ ಮಾತು ತರುತ್ತಾರೆಂದು ನನಗೆ ಗೊತ್ತು. ಹೆಣ್ಣಿನ ವಿಷಯ ಎಂದರು, ತಲೆ ಕೆಟ್ಟಿದೆ ಎಂದರು. ಇಗರ್ಜಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ನಿನ್ನ ಅಮ್ಮ ಹಿಂದೆ, ಬಾಗಿಲಿನ ಹತ್ತಿರ ಕೂರತೊಡಗಿದರು. ಗ್ರೀಕಿನಲ್ಲಿ ಸುವಾರ್ತೆ ಓದುತ್ತಿದ್ದ ನೀನು ಆದಿ ಉಡುಪಿಯ ಮಾರ್ಕೆಟಿನಲ್ಲಿ ತರಕಾರಿ ಸಗಟು ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆ ಸೇರಿದೆ. ಹಾಗಿದ್ದೂ ನನ್ನ ಗುರುದೀಕ್ಷೆಗೆ ಬಂದೆ. ಎಲ್ಲರಂತೆ ಸಾಲಿನಲ್ಲಿ ನಿಂತು, ಆಗಷ್ಟೇ ತೈಲ ಹಚ್ಚಿದ ನನ್ನ ಅಂಗೈಗಳಿಗೆ ಮುತ್ತಿಟ್ಟೆ. ಹೇಳಲು ಅದಕ್ಕಿಂತ ದೊಡ್ಡ ಗಳಿಗೆ ಬೇಕಿತ್ತೇ? ನಾನು ನಿನ್ನನ್ನು ಆಶೀರ್ವದಿಸಿ ಮುಂದಿನವರ ಕಡೆ ತಿರುಗಿದೆ.

ಪಾದ್ರಿಯಾಗಿ ಕೆಲವು ವರ್ಷ ಕಳೆದ ಮೇಲೆ ನನಗೂ ಅದು ಬಂತು. ಒಂದು ಬೆಳಿಗ್ಗೆ ಪೂಜೆಯ ಮಧ್ಯೆ, ಕೈ ಎತ್ತಿದವನಿಗೆ, ಆ ಕಡೆ ಯಾರೂ ಇಲ್ಲ ಎನಿಸಿತು. ಮರುದಿನವೂ ಹಾಗೆಯೇ. ನಿನ್ನ ಮಾತಿನ ಒಂದೊಂದು ಅಕ್ಷರವೂ ಆಗ ಅರ್ಥವಾಯಿತು. ನಾನು ಯಾರಿಗೂ ಹೇಳಲಿಲ್ಲ, ಯಾರೂ ನನ್ನನ್ನು ಮನೆಗೆ ಕಳುಹಿಸಲಿಲ್ಲ. ತಡೆಯಲಾರದೆ ಕೊನೆಗೆ ಫಾದರ್ ಮಾರ್ಸೆಲರ ಬಳಿ ಹೋದೆ. ನಿವೃತ್ತರಾಗಿ, ಮಂಡಿನೋವಿನಿಂದ ಕುರ್ಚಿ ಬಿಟ್ಟು ಏಳಲಾಗದೆ ಕೂತಿದ್ದರು. ಕೇಳಿ ನಕ್ಕರು. "ನನಗೆ ಈಗಲೂ ಉಂಟು ಮಗಾ. ಬರ್ತದೆ, ಹೋಗ್ತದೆ. ಲ್ಯಾನ್ಸಿಗೂ ಇದನ್ನೇ ಹೇಳ್ಬೇಕು ಅಂತಿದ್ದೆ. ಆವತ್ತು ಜಗಲಿಯಲ್ಲಿ ನನಗೆ ಅರ್ಧಂಬರ್ಧ ಕೇಳಿತ್ತು. ಇವ ಒಳ್ಳೆಯ ಪಾದ್ರಿ ಆಗ್ತಾನೆ ಅಂದ್ಕೊಂಡೆ. ಅಷ್ಟರಲ್ಲಿ ಕಳಿಸಿಬಿಟ್ರು." ಆಮೇಲೆ "ಅವ ನನ್ನನ್ನು ನೋಡ್ಲಿಕ್ಕೆ ಯಾಕೆ ಬರುವುದಿಲ್ಲ? ನಿನಗೆ ಏನಾದ್ರೂ ಗೊತ್ತುಂಟಾ?" ಎಂದು ಕೇಳಿದರು.

ಇಲ್ಲ ಎಂದೆ. ಆ ಮುದುಕ ಸಾಯುವ ತನಕ ನಿನ್ನ ದಾರಿ ನೋಡಿದರು. ಅವರ ಮಣ್ಣಿಗೂ ನೀನು ಹೋಗಲಿಲ್ಲ. ನೀನು ಹೋಗದ ಹಾಗೆ ಮಾಡಿದ ನಾನು ಶವಪೆಟ್ಟಿಗೆಯ ಪಕ್ಕ ಧೂಪ ಹಿಡಿದು ನಿಂತಿದ್ದೆ.

ಕಳೆದ ತಿಂಗಳು ನೀನು ಫೋನ್ ಮಾಡಿದೆ. ಅಮ್ಮ ಮಣಿಪಾಲದ ಆಸ್ಪತ್ರೆಯಲ್ಲಿದ್ದಾರೆ, ನೀನೇ ಬಂದು ಅಭ್ಯಂಗ, ಕೊನೆಯ ತೈಲದ ಸಂಸ್ಕಾರ, ಕೊಡಬೇಕಂತೆ ಎಂದೆ. ನಾನು ಬಂದೆ. ಒಂದು ಕಾಲದಲ್ಲಿ ನನ್ನನ್ನು "ಪುತಾ", ಮಗನೇ, ಎಂದು ಕರೆಯುತ್ತಿದ್ದ ನಿನ್ನ ಅಮ್ಮ ಈಗ ನನ್ನನ್ನು "ಫಾದರ್, ನೀವು" ಎಂದರು. ಹಣೆಗೆ ತೈಲ ಹಚ್ಚಿದೆ. ಇನ್ನೂ ಕೈ ಒರೆಸಿಕೊಂಡಿರಲಿಲ್ಲ, ಅವರು ನಿನ್ನ ಕಡೆ ತಿರುಗಿ ಹೇಳಿದರು: "ಫಾದರ್ ಮಾರ್ಸೆಲರನ್ನು ಕ್ಷಮಿಸು. ಸತ್ತವರ ಮೇಲೆ ಎಂತ ಹಗೆ? ನಾನು ಹೋಗುವ ಮೊದಲು ಒಮ್ಮೆ ಬಾಯಿಬಿಟ್ಟು ಹೇಳು." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನಂತೆ ನಾನು ಹಚ್ಚಿದ ತೈಲವನ್ನೇ ಮತ್ತೆ ಹಚ್ಚಿದೆ. ಹೇಳಬಹುದಿತ್ತು. ಅವರಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ಆಂಟಿ, ಅವರಲ್ಲ, ನಾನು — ಇಷ್ಟೇ. ನೀನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಆಮೇಲೆ "ಆಯ್ತಮ್ಮಾ, ಕ್ಷಮಿಸಿದೆ" ಎಂದೆ. ಅವರು ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಆ ವಾರವೇ ತೀರಿಕೊಂಡರು, ಸುಳ್ಳನ್ನೇ ನಿಜ ಎಂದು ನಂಬಿಕೊಂಡು. ಅವರಿಗೆ ಹೇಳುವ ಅವಕಾಶ ನನಗೆ ಇನ್ನು ಇಲ್ಲ.

ಮಣ್ಣಿನ ಕೆಲಸಗಳೆಲ್ಲ ಮುಗಿದ ಮೇಲೆ ನೀನು ಮತ್ತೆ ಫೋನ್ ಮಾಡಿದೆ. "ಅಮ್ಮನಿಗೆ ಮಾತು ಕೊಟ್ಟಾಯ್ತು. ಬಾಯಲ್ಲಿ ಹೇಳಿದ್ರೆ ಸಾಲದು. ಕಾಪುವಿಗೆ ಹೋಗಿ ಬರುವ, ಫಾದರ್ ಮಾರ್ಸೆಲರ ಸಮಾಧಿ ಅಲ್ಲಿ ಉಂಟಲ್ಲ. ನೀನೂ ಬಾ, ನನಗೆ ಒಬ್ಬನಿಗೆ ಆಗುವುದಿಲ್ಲ." ಹೋದೆವು. ನೀನು ದಾರಿಯಲ್ಲಿ ಮೊಂಬತ್ತಿ ತೆಗೆದುಕೊಂಡೆ. ಗಾಳಿಗೆ ಅದು ಉರಿಯಲಿಲ್ಲ, ಸುಮ್ಮನೆ ಕಲ್ಲಿನ ಮೇಲೆ ಇಟ್ಟೆ. "ಫಾದರ್, ನಿಮ್ಮ ಮೇಲೆ ಇನ್ನು ನನಗೆ ಏನೂ ಇಲ್ಲ," ಎಂದೆ. ತಲೆಯಲ್ಲಿ ಬಿಳಿಕೂದಲು ಬಂದ ಮನುಷ್ಯ, ನನ್ನ ಕಣ್ಣೆದುರು ಚಿಕ್ಕ ಮಗುವಿನ ಹಾಗೆ ಅತ್ತೆ. ಆಮೇಲೆ ನನ್ನ ಕಡೆ ನೋಡಿ, "ಒಂದು ಪ್ರಾರ್ಥನೆ ಹೇಳು," ಎಂದೆ. ನಾನು ಸತ್ತವರ ಪ್ರಾರ್ಥನೆಯನ್ನು ಮೊದಲಿಂದ ಕೊನೆಯ ತನಕ ಹೇಳಿದೆ. ಒಂದು ಶಬ್ದವೂ ತಪ್ಪಲಿಲ್ಲ.

ಮರಳುವಾಗ ಕಟಪಾಡಿಯಲ್ಲಿ ಚಾ ಕುಡಿಯುತ್ತಾ ನೀನು ಹೇಳಿದೆ: "ಈಗ ಹಗುರ ಆಯ್ತು ಮಾರಾಯ. ಇಷ್ಟು ವರ್ಷ ಹೊತ್ತುಕೊಂಡಿದ್ದೆ."

ಅಂದಿನಿಂದ ನನ್ನ ಮನಸ್ಸು ಹೊಸ ರಾಗ ಹಾಡುತ್ತಿದೆ. ಅವನಿಗೆ ಈಗಷ್ಟೇ ನೆಮ್ಮದಿ ಸಿಕ್ಕಿದೆ, ಅದನ್ನು ಯಾಕೆ ಕಸಿಯಬೇಕು, ಸುಮ್ಮನಿರುವುದೇ ಅವನಿಗೆ ಒಳ್ಳೆಯದು — ಎನ್ನುತ್ತದೆ. ಈ ಸ್ವರದ ಪರಿಚಯ ನನಗೆ ಚೆನ್ನಾಗಿ ಉಂಟು. ರೆಕ್ಟರರ ಬಾಗಿಲು ತಟ್ಟಿಸಿದ್ದೂ ಇದೇ ಸ್ವರ. ಇನ್ನು ಅದರ ಮಾತು ಕೇಳುವುದಿಲ್ಲ.

ಬರೆದದ್ದನ್ನು ನಿನ್ನ ಕೈಗೆ ಕೊಟ್ಟು ಪಕ್ಕಕ್ಕೆ ನಿಲ್ಲುವುದು ಸುಲಭ. ಹಾಗೆ ಮಾಡುವುದಿಲ್ಲ, ಇದು ನನ್ನ ನಾಲಿಗೆಗೆ ಅಭ್ಯಾಸ ಅಷ್ಟೇ. ಕೆಡಿಸಿದ್ದು ಬಾಯಿಂದ, ಹೇಳುವುದೂ ಬಾಯಿಂದಲೇ. ನಾಳೆ ಬೆಳಗಿನ ಪೂಜೆ ಮುಗಿಸಿ ಆದಿ ಉಡುಪಿಯ ಮಾರ್ಕೆಟಿಗೆ ಬರುತ್ತೇನೆ. ನಿನ್ನ ತರಕಾರಿ ಲಾರಿಗಳು ಖಾಲಿಯಾಗುವ ತನಕ ಕಾಯುತ್ತೇನೆ. ನೀನು ಬಯ್ಯಬಹುದು, ಎದ್ದು ಹೋಗಬಹುದು. ಬಿಷಪರಿಗೆ ಹೇಳಬೇಕೆನಿಸಿದರೆ ಹೇಳು, ನಾನು ಅಲ್ಲಗಳೆಯುವುದಿಲ್ಲ. ಆದರೆ ನಿನ್ನ ಗುಣ ನನಗೆ ಗೊತ್ತು, ಆದ್ದರಿಂದ ಒಂದನ್ನು ಮಾತ್ರ ಬೇಡಿಕೊಳ್ಳುತ್ತೇನೆ, ಲ್ಯಾನ್ಸಿ. ಕ್ಷಮಿಸಿದೆ ಎಂದು ಕೂಡಲೇ ಹೇಳಿಬಿಡಬೇಡ. ಸಾಯುತ್ತಿದ್ದ ಅಮ್ಮನ ಮನಸ್ಸಿಗಾಗಿ ಹೇಳಿದಂತೆ ನನ್ನ ಮನಸ್ಸಿಗಾಗಿಯೂ ಹೇಳಬೇಡ.