ಹೊಗಳದ ನರ್ಸಬಾಯಿ

ಹಸುಗೂಸಿದ್ದ ನಮ್ಮ ಓಣಿಯ ಮನೆಗಳಿಗೆ ಮಂಗಳವಾರ ಒಬ್ಬ ನರ್ಸಬಾಯಿ ಬರುತ್ತಿದ್ದರು. ಹೊಗಳಿದರೆ ದೃಷ್ಟಿಗೆ ಹೆದರುವ ಅಜ್ಜಿಯರು ಕೂಸನ್ನು ತೂಗಲು ಬಿಡುವುದಿಲ್ಲವೆಂದು, ಎಂಥ ಗುಂಡು ಮಗುವನ್ನೂ ಬೈಯುವುದು ಅವರ ರೂಢಿ. ನನ್ನ ತಮ್ಮನನ್ನು ತಕ್ಕಡಿಗೆ ಹಾಕುತ್ತ, “ಏನ್ ಕೂಸರಿ ಇದು, ಕಪ್ಪಿ ಹಂಗೈತಿ” ಅನ್ನುತ್ತಿದ್ದರು. ನಮ್ಮ ಅಜ್ಜಿ ಹಿಗ್ಗಿ, ಅವರ ಚಹಾಕ್ಕೆ ಸಕ್ಕರೆ ಹೆಚ್ಚು ಹಾಕುತ್ತಿದ್ದಳು.

ಶ್ರಾವಣದಲ್ಲಿ ನನ್ನ ತಮ್ಮ ಭೇದಿಯಿಂದ ಸೊರಗಿ ಮಲಗಿದ. ದವಾಖಾನೆ ಬೇಡವೆಂದು ಅಜ್ಜಿಯ ಹಟ. ನರ್ಸಬಾಯಿ ಅವನ ಗುಳಿಬಿದ್ದ ನೆತ್ತಿ ಮುಟ್ಟಿ ನೋಡಿದರು. ಬೈಯಲಿಲ್ಲ.

“ಭಾಳ ಚಂದ ಐತ್ರಿ ಕೂಸು” ಎಂದರು.

ಆ ಹೊಗಳಿಕೆ ಕೇಳಿದ್ದೇ ಅಜ್ಜಿ ಬರಿಗಾಲಲ್ಲಿ ದವಾಖಾನೆಗೆಂದು ಟಾಂಗಾ ಕರೆಯಲು ಓಡಿದಳು.

ತಮ್ಮ ಚೇತರಿಸಿಕೊಂಡು ಮನೆಗೆ ಬಂದ ಮೇಲೆ ನರ್ಸಬಾಯಿ ಮತ್ತೆ ಅವನನ್ನು ತೂಗಿದರು. “ಥೂ, ಮತ್ತ ಅದ ಕಪ್ಪಿ” ಎಂದರು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇನ್ನೊಮ್ಮಿ ಅನ್ರೆವ್ವಾ.”