ಮಂತ್ರಿಯ ಮುಖ ಬರೆದವನು

ಮೊನ್ನೆ ಅಂಕಲಿಯ ಬಸ್ಸಿಗಾಗಿ ಚಿಕ್ಕೋಡಿಯಲ್ಲಿ ಕಾಯುತ್ತ ನಿಂತಿದ್ದಾಗ ಹುಡುಗರಿಬ್ಬರು ಏಣಿ ಹಾಕಿ ಹೊಸ ಫ್ಲೆಕ್ಸ್ ಕಟ್ಟುತ್ತಿದ್ದರು. ಸುರುಳಿ ಬಿಚ್ಚಿದ ಕೂಡಲೇ ಆ ವಾಸನೆ ಬಂತು. ಸೀಮೆಎಣ್ಣೆಯದೂ ಅಲ್ಲ, ಬಣ್ಣದ್ದೂ ಅಲ್ಲ, ಬಿಸಿಲಿಗೆ ಕಾದ ರಬ್ಬರಿನ ಹಾಗೆ ಮೂಗಿನೊಳಗೆ ಅಂಟಿಕೊಳ್ಳುವಂಥದ್ದು. ಆಗಷ್ಟೇ ಯಂತ್ರದಿಂದ ಹೊರಬಂದ ಫ್ಲೆಕ್ಸಿಗೆ ಮಾತ್ರ ಆ ವಾಸನೆ ಇರುತ್ತದೆ, ಗಾಳಿಗೆ ಬಿದ್ದರೆ ಹೋಗಿಬಿಡುತ್ತದೆ. ಬಸ್ಸು ಬಂದು ಹೋದದ್ದೂ ನನಗೆ ತಿಳಿಯಲಿಲ್ಲ... ಫ್ಲೆಕ್ಸ್ ಅಂಗಡಿಯ ಅಣ್ಣ ನೆನಪಾಗಿದ್ದ.

ನಾನಾಗ ಬಿ.ಎ. ಓದುತ್ತಿದ್ದೆ. ಅವನ ಅಂಗಡಿ ಚಿಕ್ಕೋಡಿಯಲ್ಲಿ ನಮ್ಮ ಕಾಲೇಜಿನ ಹಾದಿಯಲ್ಲೇ ಇತ್ತು. ಕಾಲೇಜಿನ ವಾರ್ಷಿಕ ಗ್ಯಾದರಿಂಗಿನ ಬ್ಯಾನರ್ ಮಾಡಿಸಲು ನನ್ನನ್ನು ಕಳಿಸಿದ್ದರು. ನಮ್ಮ ಪ್ರಿನ್ಸಿಪಾಲರ ಫೋಟೋವನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ಕೂತಿದ್ದ ಅವನ ಕಂಪ್ಯೂಟರಿನ ಮೂಲೆಯಲ್ಲಿ ಇನ್ನೊಂದು ಚಿತ್ರ ಅರ್ಧ ಮುಚ್ಚಿಕೊಂಡಿತ್ತು. ಉದ್ದ ಕೂದಲನ್ನು ನೆತ್ತಿಯ ಮೇಲೆ ಕಟ್ಟಿ ಹಸಿರು ಕಲ್ಲಿನ ಕಡ್ಡಿ ಸಿಕ್ಕಿಸಿಕೊಂಡ ಗಂಡಸು, ಬಿಳಿ ನಿಲುವಂಗಿ, ಮಂಜಿನಲ್ಲಿ ಒಂದು ದೋಣಿ.  ನಾನು ಕಾಲೇಜಿನ ಗೆಳತಿಯರಿಗೂ ಹೇಳದೆ ಫೋನಿನಲ್ಲಿ ಓದುತ್ತಿದ್ದ ಚೀನಾದ ಕಾದಂಬರಿಯ ಸೇನಾಪತಿ ಅವನು. ಒಮ್ಮೆ ಸತ್ತು, ಹೊಳೆಯ ದೇವತೆಯ ಹತ್ತಿರ ಉಸಿರನ್ನು ಕಡ ಪಡೆದು, ತನ್ನನ್ನು ಕೊಲ್ಲಿಸಿದವರ ಅರಮನೆಗೆ ಹೆಸರು ಬದಲಿಸಿಕೊಂಡು ಮರಳುವವನು.

ದೋಣಿಯಲ್ಲಿ ಅವನ ಎಡಗೈಗೆ ಪಟ್ಟಿ ಇರಬೇಕಿತ್ತಲ್ಲವೇ ಎಂದು ಕೇಳಿದೆ. ಅಣ್ಣ ಮೌಸ್ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ತಿರುಗಿ ನೋಡಿದ. ಅಷ್ಟು ವರ್ಷ ಅದೇ ಕುರ್ಚಿಯಲ್ಲಿ ಕೂತವನಿಗೆ ಆ ಪ್ರಶ್ನೆ ಕೇಳಿದವಳು ನಾನೊಬ್ಬಳೇ ಇರಬೇಕು.

ಅವನು ಬೋರಗಾಂವದವನು. ಅಪ್ಪ ಟ್ರ್ಯಾಕ್ಟರ್ ಟ್ರೇಲರುಗಳಿಗೆ ನವಿಲು, ಹುಲಿ, ದೇವರ ಹೆಸರು ಬರೆಯುತ್ತಿದ್ದ ಪೇಂಟರ್. ಕೈಯ ಕುಂಚ ಹೋಗಿ ಫ್ಲೆಕ್ಸ್ ಬಂದಾಗ ಮಗ ಕಂಪ್ಯೂಟರ್ ಕಲಿತ. ಹಗಲೆಲ್ಲ ಅವನದು ಮುಖದ ಕೆಲಸ. ಹುಟ್ಟುಹಬ್ಬದ ಬ್ಯಾನರಿಗೆ ಮುಖ, ಚುನಾವಣೆಗೆ ಮುಖ, ತೀರಿಕೊಂಡವರ ಶ್ರದ್ಧಾಂಜಲಿಗೆ ಮುಖ. ಫೋಟೋದ ಹಿನ್ನೆಲೆಯನ್ನೆಲ್ಲ ಕತ್ತರಿಸಿ, ಕಲೆ ಒರೆಸಿ, ಬಣ್ಣ ತಿಳಿಗೊಳಿಸಿ, ಮೀಸೆ ದಟ್ಟ ಮಾಡಿ, ಬೆನ್ನ ಹಿಂದೆ ಸಿಂಹ ನಿಲ್ಲಿಸುವುದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಾತ್ರ ಅವನು ತನಗಾಗಿ ಚಿತ್ರ ಬರೆಯುತ್ತಿದ್ದ. ಆ ಕಾದಂಬರಿಯನ್ನು ಚೀನಾದಲ್ಲಿ ಯಾರೋ ಬರೆಯುತ್ತಿದ್ದರು, ಇನ್ನೆಲ್ಲಿಯೋ ಕೂತ ಯಾರೋ ಒಂದೊಂದೇ ಅಧ್ಯಾಯವಾಗಿ ಇಂಗ್ಲಿಷಿಗೆ ತರುತ್ತಿದ್ದರು, ಅಣ್ಣ ಅರ್ಥವಾಗದ್ದನ್ನು ಫೋನಿನಿಂದ ಮರಾಠಿಗೆ ಮಾಡಿಸಿಕೊಂಡು ಓದುತ್ತಿದ್ದ. ಓದಿದವರು ತಾವು ಬರೆದ ಚಿತ್ರಗಳನ್ನು ಹಾಕುವ ಗುಂಪೊಂದು ಇಂಟರ್ನೆಟ್ಟಿನಲ್ಲಿತ್ತು. ಅಲ್ಲಿ ಅವನಿಗೆ ಬೇರೆ ಹೆಸರು.

ಆಮೇಲೆ ಬಸ್ಸಿಗೆ ಸಮಯವಿದ್ದಾಗಲೆಲ್ಲ ನಾನು ಅಲ್ಲಿ ನಿಲ್ಲತೊಡಗಿದೆ. ಚಹಾ ತರಿಸುತ್ತಿದ್ದ. ಸೇನಾಪತಿ ರಾಜಕುಮಾರಿಗೆ ನಿಜ ಹೇಳಬೇಕಿತ್ತೇ ಬೇಡವೇ, ಹೊಳೆಯ ದೇವತೆ ಒಳ್ಳೆಯವಳೋ ಲೆಕ್ಕಾಚಾರದವಳೋ, ಹೀಗೆ ನಮ್ಮ ಜಗಳ. ಹೆಚ್ಚು ಜಗಳವಾಗುತ್ತಿದ್ದದ್ದು ಸೇನಾಪತಿಯನ್ನು ಕೊಲ್ಲಿಸಿದ ಮಂತ್ರಿಯ ಬಗ್ಗೆ. ನನಗೆ ಅವನು ಬರೀ ಕೆಟ್ಟವನು. ಅಣ್ಣ ಒಪ್ಪುತ್ತಿರಲಿಲ್ಲ. ಮಂತ್ರಿ ಒಮ್ಮೆಯೂ ದನಿ ಎತ್ತಿಲ್ಲ, ಗಮನಿಸಿದೆಯಾ ಎನ್ನುತ್ತಿದ್ದ. ಯಾರನ್ನು ಮುಗಿಸಬೇಕೋ ಅವರಿಗೆ ಮೊದಲು ಏನಾದರೂ ಕೊಡುತ್ತಾನೆ, ಅವರ ಮನೆಯವರ ಆರೋಗ್ಯ ಕೇಳುತ್ತಾನೆ.

“ಸಿಟ್ಟಿಗೆದ್ದವ್ರಿಗೆ ಅಂಜಬಾರದು ತಂಗಿ,” ಎಂದಿದ್ದ ಒಂದು ದಿನ. “ನಕ್ಕೋತ ಹೆಗಲ ಮ್ಯಾಲ ಕೈ ಇಡ್ತಾರಲ್ಲ, ಅವ್ರಿಗೆ ಅಂಜಬೇಕು.”

ಆಷಾಢದಲ್ಲಿ ಶುಭಕಾರ್ಯಗಳಿಲ್ಲದೆ ಬ್ಯಾನರಿನ ಕೆಲಸ ಕಡಿಮೆ. ಆ ದಿನಗಳಲ್ಲಿ ಅವನು ಮಂತ್ರಿಯನ್ನು ಬರೆದ. ಕಡುಗೆಂಪು ನಿಲುವಂಗಿ, ತೆಳುವಾದ ಗಡ್ಡ, ಬಟ್ಟಲಿಗೆ ಚಹಾ ಸುರಿಯುತ್ತಿರುವ ಕೈ. ಚಹಾ ಯಾರಿಗೆ ಎಂಬುದು ಚಿತ್ರದಲ್ಲಿಲ್ಲ. ಬಟ್ಟಲು ಮಾತ್ರ ನೋಡುವವರ ಕಡೆಗಿದೆ. ತುಟಿಯ ಒಂದು ಬದಿ ಮೊದಲೇ ನಕ್ಕುಬಿಟ್ಟಿದೆ, ಬಲಗಣ್ಣಿನ ರೆಪ್ಪೆ ಸ್ವಲ್ಪ ಇಳಿಬಿದ್ದಿದೆ, ಕಣ್ಣು ನಗುತ್ತಿಲ್ಲ.  ಗುಂಪಿನಲ್ಲಿ ಹಾಕಿದ ಮೇಲೆ ಯಾವ ಯಾವ ದೇಶದವರೋ ಹುಚ್ಚೆದ್ದು ಹೊಗಳಿದರು. ಮಂತ್ರಿಯ ಭಾಗ ಓದುವಾಗ ಇನ್ನು ಮೇಲೆ ಇದೇ ಮುಖ ಕಾಣುತ್ತದೆ ಎಂದು ಬರೆದಿದ್ದಳು ಒಬ್ಬಳು. ಅಣ್ಣ ಆ ದಿನ ನಿಪ್ಪಾಣಿಯಿಂದ ಭಡಂಗ ಚುರುಮುರಿ ತರಿಸಿ ಓಣಿಯ ಅಂಗಡಿಗಳಿಗೆಲ್ಲ ಹಂಚಿದ. ಯಾಕೆಂದು ಯಾರಿಗೂ ಹೇಳಲಿಲ್ಲ.

ಮರುದಿನವೋ ಅದರ ಮರುದಿನವೋ, ಬ್ಯಾನರ್ ಒಯ್ಯಲು ಬಂದ ಹಳ್ಳಿಯ ಗಿರಾಕಿಯೊಬ್ಬ ಬೆಂಚಿನಿಂದ ಎದ್ದು ಬಂದು ಪರದೆಗೆ ಬಗ್ಗಿದ. ಆಮೇಲೆ ತೊಡೆ ಬಡಿದುಕೊಂಡು ನಗತೊಡಗಿದ. “ಇವ್ರು ನಮ್ಮ ಸಾವಕಾರ್ರಲಾ? ಇದೇನ್ ಹೆಂಗಸರಂಗ ಅಂಗಿ ಹಾಕ್ಸೀಯೋ ಮಾರಾಯಾ?”

ಅಣ್ಣನೂ ನಕ್ಕ, ನಾನೂ ನಕ್ಕೆ. ಅವನು ಹೋದ ಮೇಲೆ ಅಣ್ಣ ಹಳೆಯ ಫೈಲುಗಳಲ್ಲಿ ಹುಡುಕಿ ಒಂದು ಫೋಟೋ ತೆರೆದು ಚಿತ್ರದ ಪಕ್ಕಕ್ಕಿಟ್ಟ. ಹೊಳೆಯ ಕಡೆಯ ಒಂದು ಊರಿನ ಸಾವಕಾರರು. ಯಾವ ಊರೆಂದು ಬರೆಯುವುದು ಬೇಡ. ಕಬ್ಬು, ದ್ರಾಕ್ಷಿ, ಲಾರಿಗಳು, ಹೇಳಿದಂತೆ ಕೇಳುವ ಮಂದಿ ಎಲ್ಲ ಇದ್ದವರು. ಅವರ ಹುಟ್ಟುಹಬ್ಬದ ಬ್ಯಾನರನ್ನು ಪ್ರತಿವರ್ಷ ಅಣ್ಣನೇ ಮಾಡುತ್ತಿದ್ದ. ಅದೇ ತುಟಿ, ಅದೇ ರೆಪ್ಪೆ. ಎಷ್ಟು ಸಲ ಆ ಮುಖದ ಅಂಚನ್ನು ಕತ್ತರಿಸಿದ್ದನೋ, ಎಷ್ಟು ಸಲ ಆ ನಗುವನ್ನು ತಿದ್ದಿದ್ದನೋ...

“ನಾ ಬೇಕಂತ ಮಾಡಿಲ್ಲ ತಂಗಿ,” ಎಂದ. “ಕೈ ಮಾಡೇತಿ.”

ನಕ್ಕು ಹೋದವನು ಅಷ್ಟರಲ್ಲಿ ಪರದೆಯ ಫೋಟೋ ಹೊಡೆದುಕೊಂಡಿದ್ದ. ಒಂದು ವಾರದೊಳಗೆ ಅದು ಎಲ್ಲರ ಫೋನಿನಲ್ಲಿತ್ತು. ನಮ್ಮ ಬಸ್ಸಿನಲ್ಲಿ ಕಂಡಕ್ಟರನೂ ನೋಡಿ ನಗುತ್ತಿದ್ದ. ‘ಚೀನಾ ಸಾವಕಾರ’ ಎಂದು ಯಾರೋ ಕೆಳಗೆ ಬರೆದಿದ್ದರು. ಸಾವಕಾರರ ಎದುರಿಗೆ ಉಸಿರೆತ್ತದವರೆಲ್ಲ ಆ ಚಿತ್ರದ ಮುಂದೆ ಮನಸಾರೆ ನಕ್ಕರು. ಆ ನಗುವಿನ ಲೆಕ್ಕವೆಲ್ಲ ಯಾರ ತಲೆಗೆ ಬರುತ್ತದೆಂದು ಅಣ್ಣನಿಗೆ ಗೊತ್ತಿತ್ತು. ಗುಂಪಿನಿಂದ ಚಿತ್ರ ತೆಗೆದ. ತೆಗೆದರೇನು, ಅದಾಗಲೇ ಅವನ ಕೈ ದಾಟಿತ್ತು.

ಇಬ್ಬರು ಬಂದರು. ನಾನು ಅಲ್ಲೇ ಇದ್ದೆ. ಬೈಯಲಿಲ್ಲ, ಏನನ್ನೂ ಮುಟ್ಟಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಕೂತರು. ಯಂತ್ರ ಹೇಗೆ ನಡೆಯುತ್ತದೆಂದು ಕೇಳಿದರು. ಸಾವಕಾರರು ಚಿತ್ರ ನೋಡಿ ಬಹಳ ಖುಷಿ ಪಟ್ಟಿದ್ದಾರೆ, ಒಮ್ಮೆ ಬಂದು ಹೋಗಬೇಕಂತೆ ಎಂದರು. ಅವರಲ್ಲೊಬ್ಬ ಹೋಗುವಾಗ ನನ್ನ ಕಡೆ ನೋಡಿ, ತಂಗಿ ಯಾವ ಊರಿನವಳು ಎಂದು ಕೇಳಿದ. ನಾನು ಹೇಳುವ ಮೊದಲೇ ಅಣ್ಣ, ಗಿರಾಕಿ ಅದಾರ್ರಿ, ಗೊತ್ತಿಲ್ಲ ಎಂದುಬಿಟ್ಟ.

ಅವನು ಹೋಗಿ ಬಂದ. ಅಲ್ಲಿ ನಡೆದದ್ದನ್ನು ಮರುದಿನ ಹೇಳಿದಾಗ ಅವನ ದನಿ ಬೇರೆ ಯಾರದ್ದೋ ಕತೆ ಹೇಳುವಂತಿತ್ತು. ದ್ರಾಕ್ಷಿ ತೋಟದ ಮನೆಯಲ್ಲಿ ಸಾವಕಾರರು ಪಕ್ಕದಲ್ಲೇ ಕೂಡಿಸಿಕೊಂಡು ಊಟ ಹಾಕಿಸಿದರಂತೆ. ಅಪ್ಪನ ಹೆಸರು ಹೇಳಿದ ಕೂಡಲೇ, ನಮ್ಮ ಮೊದಲನೆಯ ಟ್ರೇಲರಿಗೆ ಹುಲಿ ಬರೆದವನ ಮಗನೇನು ಎಂದು ಗುರುತು ಹಿಡಿದರಂತೆ. ತಾಯಿಯ ಮಂಡಿನೋವು ಹೇಗಿದೆ ಎಂದೂ ಕೇಳಿದರು. ಅದು ಅವರಿಗೆ ಹೇಗೆ ಗೊತ್ತಾಯಿತೋ ಅಣ್ಣನಿಗೆ ತಿಳಿಯಲಿಲ್ಲ. ಊಟವಾದ ಮೇಲೆ ಹೆಗಲ ಮೇಲೆ ಕೈ ಇಟ್ಟು, ಇದನ್ನು ಬರೆಯಲು ಯಾರು ಹೇಳಿದರು ಎಂದು ಕೇಳಿದರು. ಅವರಿಗೆ ಒಂದು ಹೆಸರು ಬೇಕಿತ್ತು. ಯಾರಾದರೊಬ್ಬ ಎದುರಾಳಿಯ ಹೆಸರು.

ಅಣ್ಣನ ಹತ್ತಿರ ಹೆಸರಿರಲಿಲ್ಲ, ಕತೆಯಿತ್ತು. ಅದನ್ನೇ ಹೇಳಿದ. ಸತ್ತ ಸೇನಾಪತಿ, ಹೊಳೆ, ದೋಣಿ, ಅರಮನೆ, ಚಹಾ ಕೊಟ್ಟು ಕೊಲ್ಲುವ ಮಂತ್ರಿ. ಹೇಳಿದಷ್ಟೂ ತಾನೇ ಮುಳುಗುತ್ತಿದ್ದೇನೆ ಅನಿಸಿತಂತೆ. ಸಾವಕಾರರು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದರು.

“ಕಡೀಕ ಆ ಮಂತ್ರಿ ಏನಾಗ್ತಾನ?” ಎಂದರಂತೆ.

“ಕತಿ ಇನ್ನೂ ಮುಗದಿಲ್ರಿ.”

“ಹಂಗಾದ್ರ ಮುಗದ ಮ್ಯಾಲ ಬಂದು ಹೇಳು.”

ಅಷ್ಟೇ. ಜೀಪಿನಲ್ಲಿ ಚಿಕ್ಕೋಡಿಯವರೆಗೆ ಬಿಡಿಸಿದರು. ಕೈಯಲ್ಲಿ ಒಂದು ಪೆಟ್ಟಿಗೆ ಪೇರಲ ಹಣ್ಣು ಕೊಟ್ಟಿದ್ದರು. ಅದು ಅಂಗಡಿಯ ಮೂಲೆಯಲ್ಲೇ ಇತ್ತು. ಅಣ್ಣ ತಿನ್ನಲಿಲ್ಲ, ನನಗೂ ತಿನ್ನಗೊಡಲಿಲ್ಲ, ಎಸೆಯುವ ಧೈರ್ಯವೂ ಬರಲಿಲ್ಲ. ಕೊಳೆತು ನೊಣ ಕೂತ ಮೇಲೆ ಪಕ್ಕದ ಹೋಟೆಲಿನವರು ಒಯ್ದು ಚೆಲ್ಲಿದರು.

ಆಮೇಲೆ ಏನೂ ಆಗಲಿಲ್ಲ. ಅದೇ ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು. ಮಳೆ ಹೋಯಿತು, ಗಣಪತಿ ಬಂದು ಹೋದ. ಸಾವಕಾರರ ಹುಟ್ಟುಹಬ್ಬದ ಬ್ಯಾನರ್ ಎಂದಿನಂತೆ ಅವನ ಅಂಗಡಿಗೇ ಬಂತು. ಅದೇ ಮುಖವನ್ನು ಮತ್ತೆ ಕತ್ತರಿಸುವಾಗ ಅಂಚು ಸರಿ ಬರದೆ ಮತ್ತೆ ಮತ್ತೆ ಮಾಡುತ್ತಿದ್ದ. ಬೀದಿಯಲ್ಲಿ ಬೈಕೊಂದು ನಿಧಾನವಾದರೆ ಮಾತು ನಿಲ್ಲಿಸುತ್ತಿದ್ದ. ಅಂಗಡಿಯ ಮಾಲೀಕ ಬಂದು, ಮಗನಿಗೆ ಜಾಗ ಬೇಕಾಗಿದೆ, ಬೇರೆ ಕಡೆ ನೋಡಿಕೋ ಎಂದು ಬಹಳ ಪ್ರೀತಿಯಿಂದ ಹೇಳಿದ. ಕಾದಂಬರಿಯ ಹೊಸ ಅಧ್ಯಾಯಗಳು ಬರುತ್ತಲೇ ಇದ್ದವು. ಅಣ್ಣ ಓದುವುದನ್ನು ಬಿಟ್ಟ. ನಾನು ಹೇಳಹೋದರೆ ಬೇಡ ಎನ್ನುತ್ತಿದ್ದ.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಬಸ್ಸಿನಿಂದ ಇಳಿದೆ. ನಿಲ್ದಾಣದ ಎದುರು ಹೊಸ ಶ್ರದ್ಧಾಂಜಲಿ ಬ್ಯಾನರ್ ಕಟ್ಟಿದ್ದರು. ಎರಡೂ ಬದಿಗೆ ದೀಪ, ನಡುವೆ ಹಾರ ಹಾಕಿದ ಫೋಟೋ. ಅಣ್ಣನ ಫೋಟೋ. ಭಾವಪೂರ್ಣ ಶ್ರದ್ಧಾಂಜಲಿ ಎಂದು ದೊಡ್ಡ ಅಕ್ಷರ, ಕೆಳಗೆ ಜನನ, ಮರಣ. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಆಮೇಲೆ ನೋಡಿದರೆ ಬ್ಯಾನರಿನ ಕೆಳಗೆ ಅವನೇ ನಿಂತಿದ್ದ. ಬದುಕಿದ್ದ. ಸುತ್ತ ಒಂದಿಷ್ಟು ಜನ, ಯಾರೂ ಹತ್ತಿರ ಹೋಗುತ್ತಿಲ್ಲ. ನಾನು ಹೋಗಿ ಪಕ್ಕದಲ್ಲಿ ನಿಂತೆ.

ಬಹಳ ಹೊತ್ತು ಅವನು ಕೆಲಸದವನ ಕಣ್ಣಿನಿಂದಲೇ ಅದನ್ನು ನೋಡಿದ. “ಹುಟ್ಟಿದ ತಾರೀಕು ಬರೋಬರಿ ಹಾಕ್ಯಾರ ತಂಗಿ,” ಎಂದ. ಮರಣ ಎಂದಿದ್ದಲ್ಲಿ ಮುಂದೆ ಏನೂ ಬರೆದಿರಲಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದರು.

ಅಷ್ಟರಲ್ಲಿ ಬೋರಗಾಂವದ ಮನೆಗೆ ಫೋನುಗಳು ಹೋಗಿದ್ದವು. ತಾಯಿ ಎದೆ ಬಡಿದುಕೊಳ್ಳುತ್ತ ರಿಕ್ಷಾದಲ್ಲಿ ಬಂದರು. ಮಗನ ಮುಖ, ಕೈ, ಬೆನ್ನು ಎಲ್ಲ ಮುಟ್ಟಿ ಮುಟ್ಟಿ ನೋಡಿದರು. ಪೊಲೀಸರ ಹತ್ತಿರ ಹೋಗೋಣ ಎಂದು ಯಾರೋ ಅಂದಾಗ ಆಕೆಯೇ ತಡೆದರು. ಯಾರ ಹೆಸರು ಹೇಳುತ್ತೀರಿ ಎಂದು ಕೇಳಿದರು.  ಫೋನಿನಲ್ಲಿ ನಕ್ಕವರು ಸುತ್ತ ನಿಂತವರಲ್ಲಿ ಎಷ್ಟು ಜನರಿದ್ದರೋ.

ಬ್ಯಾನರನ್ನು ಅಣ್ಣನೇ ಹತ್ತಿ ಬಿಚ್ಚಿದ. ಹರಿಯಲಿಲ್ಲ, ಅಚ್ಚುಕಟ್ಟಾಗಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ತಾಯಿಯ ಜೊತೆ ರಿಕ್ಷಾ ಹತ್ತಿದ. ಅಂಗಡಿಯ ಬಾಗಿಲು ಮತ್ತೆ ತೆರೆಯಲಿಲ್ಲ. ಯಂತ್ರವನ್ನು ರಾಯಬಾಗದವರು ಯಾರೋ ಕೊಂಡು ಒಯ್ದರು. ಗುಂಪಿನಲ್ಲಿ ಅವನ ಹೆಸರು ಹುಡುಕಿದೆ. ಸೇನಾಪತಿ, ರಾಜಕುಮಾರಿ, ದೋಣಿ, ಹೊಳೆ, ಎಲ್ಲವನ್ನೂ ಅಳಿಸಿ ಹೋಗಿದ್ದ.

ಅದಾದ ಮೇಲೆ ಅವನನ್ನು ಒಂದೇ ಒಂದು ಸಲ ನೋಡಿದೆ. ಚಿಕ್ಕಪ್ಪನ ಮಗಳ ಮದುವೆಯ ಸೀರೆ ತರಲು ಇಚಲಕರಂಜಿಗೆ ಹೋಗಿದ್ದೆವು. ಗ್ಯಾರೇಜೊಂದರ ಮುಂದೆ ಬಗ್ಗಿ ಕೂತು ಬೈಕಿಗೆ ನಂಬರ್ ಅಂಟಿಸುತ್ತಿದ್ದ. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡು ನಕ್ಕ, ತಾಯಿ ಹೋದ ಸುದ್ದಿ ಹೇಳಿದ. ಚಿತ್ರ ಬರೆಯುತ್ತೀಯಾ ಅಣ್ಣಾ ಎಂದು ಕೇಳಿದೆ.

“ಅಕ್ಷರ ಅಷ್ಟ ಮಾಡ್ತೀನಿ ತಂಗಿ. ಅಕ್ಷರಕ್ಕ ಮಾರಿ, ಮೂಗು ಇರೂದಿಲ್ಲ.”

ಕಾದಂಬರಿ ಆಗ ಮುಗಿದಿತ್ತು. ಕೊನೆಯ ಅಧ್ಯಾಯ ಓದಿದ ದಿನದಿಂದ ಅದನ್ನು ಹೇಳಬೇಕಾದವನು ಒಬ್ಬನೇ ಎಂದು ನನ್ನೊಳಗೆ ಕಟ್ಟಿಟ್ಟುಕೊಂಡಿದ್ದೆ. ಮುಗಿಯಿತು ಅಣ್ಣಾ, ಮಂತ್ರಿ ಏನಾದ ಗೊತ್ತೇ ಎಂದು ಬಾಯಿ ತೆರೆದೆ. ಅವನು ಅಂಟು ಮೆತ್ತಿದ ಕೈ ಎತ್ತಿ ತಡೆದ.

“ಹೇಳಬ್ಯಾಡ. ಗೊತ್ತಾದ್ರ ಹೋಗಿ ಹೇಳಬೇಕಾಕ್ಕೈತಿ.”

 ಅವನು ಮತ್ತೆ ಬೈಕಿನ ಕಡೆ ಬಗ್ಗಿದ.

ಮುಂದಿನ ವರ್ಷ ಹೋದಾಗ ಗ್ಯಾರೇಜಿನವರಿಗೆ ಅವನು ಎಲ್ಲಿಗೆ ಹೋದನೆಂದು ಗೊತ್ತಿರಲಿಲ್ಲ. ಫೋನ್ ನಂಬರು ಈಗ ಯಾರದೋ ಆಗಿದೆ, ಎತ್ತಿದವರು ಮರಾಠಿಯಲ್ಲಿ ಬೈದರು. ಎಲ್ಲಿದ್ದಾನೋ... ಇದ್ದಾನೆಯೋ... ಕೇಳಲು ಯಾರೂ ಉಳಿದಿಲ್ಲ.

ಮಂತ್ರಿ ಮಾತ್ರ ಉಳಿದಿದ್ದಾನೆ. ಅಳಿಸುವ ಮೊದಲೇ ಯಾರು ಯಾರೋ ಇಳಿಸಿಕೊಂಡಿದ್ದರಲ್ಲ, ಆ ಚಿತ್ರ ಇನ್ನೂ ಗುಂಪಿನಿಂದ ಗುಂಪಿಗೆ ತಿರುಗುತ್ತದೆ. ದೂರದ ದೇಶಗಳ ಹುಡುಗಿಯರು ಅದನ್ನು ತಮ್ಮ ಹೆಸರಿನ ಪಕ್ಕ ಇಟ್ಟುಕೊಳ್ಳುತ್ತಾರೆ, ಆ ನಗುವಿಗೆ ಹೆದರಿ ಮರುಳಾಗುತ್ತಾರೆ. ಸಾವಕಾರರ ಮುಖ ಅದು ಎಂದು ಅವರಿಗೇನು ಗೊತ್ತು.

ಈ ವಾರ ಒಬ್ಬಳು ಆ ಚಿತ್ರ ಹಾಕಿ, ಇಂಥ ಮಂತ್ರಿಯನ್ನು ಬರೆದ ಕಲಾವಿದ ಯಾರು, ಅವರ ಬೇರೆ ಚಿತ್ರಗಳು ಎಲ್ಲಿ ಸಿಗುತ್ತವೆ ಎಂದು ಕೇಳಿದ್ದಳು. ಕೆಳಗೆ ಒಬ್ಬೊಬ್ಬರೇ ಗೊತ್ತಿಲ್ಲ, ಗೊತ್ತಿಲ್ಲ ಎಂದು ಬರೆದಿದ್ದರು. ನನಗೆ ಗೊತ್ತು. ಅವನ ಪೂರ್ತಿ ಹೆಸರು, ಊರು, ಅಪ್ಪನ ಹೆಸರು ಎಲ್ಲ ಗೊತ್ತು. ಸಾವಕಾರರು ಇನ್ನೂ ಗಟ್ಟಿಯಾಗಿದ್ದಾರೆ.  ಹೆಸರನ್ನು ಅಲ್ಲಿ ಬರೆಯಲಿಲ್ಲ. ಇಲ್ಲಿಯೂ ಬರೆದಿಲ್ಲ.