ಕುರ್ಚಿಯ ಮೇಲಿನ ಕರ್ಚೀಫು

ಖಾಲಿ ಕುರ್ಚಿ ಕಂಡೊಡನೆ ಅದರ ಮೇಲೆ ಏನನ್ನಾದರೂ ಇಟ್ಟು ಹೋಗುವ ಚಪಲ, ಸಪ್ತಸಾಗರ ದಾಟಿ ಬಂದರೂ ನನ್ನನ್ನು ಬಿಟ್ಟಿಲ್ಲ. ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುತ್ತಾ ಬೆಳೆದವನು ನಾನು. ಆ ಚೌಕದ ಬಟ್ಟೆಯ ಸಾರ್ವಭೌಮತ್ವವನ್ನು ಪ್ರಶ್ನಿಸುವ ಎದೆಗಾರಿಕೆ ನಮ್ಮೂರ ಕಂಡಕ್ಟರನಿಗೂ ಇರಲಿಲ್ಲ.

ವುಡ್‌ಲ್ಯಾಂಡ್ ಹಿಲ್ಸ್‌ನ ನಮ್ಮ ಪುಟ್ಟ ಕಂಪನಿಯಲ್ಲಿ ನನ್ನ ಉದ್ಯೋಗವೂ, ನೋಡಿ, ಕುರ್ಚಿಗಳಿಗೇ ಸಂಬಂಧಿಸಿದ್ದು. ಜನರ ಜೇಬಿನ ಫೋನುಗಳು ಹೊಮ್ಮಿಸುವ ವೈಫೈ ಸಂಕೇತಗಳನ್ನು ಆಲಿಸಿ, ಯಾವ ಕೋಣೆಯಲ್ಲಿ ಎಷ್ಟು ಮಂದಿ ಇದ್ದಾರೆಂದು ಕಟ್ಟಡಕ್ಕೆ ಚಾಡಿ ಹೇಳುವ ಒಂದು ಪೆಟ್ಟಿಗೆ. ಜನರಿದ್ದರೆ ದೀಪ, ಎಸಿ, ಇಲ್ಲದಿದ್ದರೆ ಕತ್ತಲೆ. ಪೆಟ್ಟಿಗೆಯ ಬುದ್ಧಿಯನ್ನೆಲ್ಲ ಬರೆದವಳು ಹುಬ್ಬಳ್ಳಿಯ ವನಜಾ. ಅದನ್ನು ಹೊತ್ತು ತಿರುಗಿ ಹೊಗಳುವ ಭಾರ ಮಾತ್ರ ನನ್ನದು. ಸ್ಯಾನ್ ಡಿಯೇಗೋದ ಒಂದು ಕಚೇರಿ ಕಟ್ಟಡದ ಒಡತಿ ಒಪ್ಪದಿದ್ದರೆ ವನಜಾಳ ಎರಡು ವರ್ಷದ ದುಡಿಮೆ ಮೂಲೆಗೆ ಎಂದು ಬಾಸು ಖಡಾಖಂಡಿತವಾಗಿ ಹೇಳಿದ್ದ.

ಡೆಮೋ ದಿನ ಮೂರು ಗಂಟೆ ಡ್ರೈವ್ ಮಾಡಿ ನಾನೂ ವನಜಾಳೂ ಎಲ್ಲರಿಗಿಂತ ಮೊದಲೇ ತಲುಪಿ, ಅಲ್ಲಿನ ಸಭಾಕೋಣೆಯಲ್ಲಿ ಪೆಟ್ಟಿಗೆ ಜೋಡಿಸಿದೆವು. ಮುಂದಿನ ಸಾಲಿನ ಒಳ್ಳೆಯ ಕುರ್ಚಿಗಳನ್ನು ಕಂಡದ್ದೇ ತಡ, ನನ್ನೊಳಗಿನ ಪ್ರಯಾಣಿಕ ಎಚ್ಚೆತ್ತ. ಕರ್ಚೀಫು ಕಾರಿನಲ್ಲಿತ್ತು. ನನ್ನ ಫೋನನ್ನು ಒಂದರ ಮೇಲೆ, ವನಜಾ ಚಾರ್ಜಿಗೆ ಹಾಕಿದ್ದ ಫೋನನ್ನು ಇನ್ನೊಂದರ ಮೇಲೆ ಪ್ರತಿಷ್ಠಾಪಿಸಿ, ಅವಳನ್ನೂ ಕರೆದುಕೊಂಡು ಕಾಫಿಗೆ ಹೊರಟೆ. ಹಿಂದಿರುಗುವಷ್ಟರಲ್ಲಿ ಒಡತಿ ಬಂದು ಬಾಗಿಲಾಚೆ ನಿಂತಿದ್ದರು. ಪೆಟ್ಟಿಗೆಯ ಲೆಕ್ಕ ತೋರಿಸುವ, ಬಾಗಿಲ ಪಕ್ಕದ ಪರದೆ ಒಳಗೆ ಇಬ್ಬರಿದ್ದಾರೆಂದು ಸಾರುತ್ತಿತ್ತು. ಒಳಗೆ ದೀಪ ಬೆಳಗಿ, ಎಸಿ ತಣ್ಣಗೆ ಬೀಸಿ, ಎರಡು ಫೋನುಗಳು ಸುಖವಾಗಿ ಪವಡಿಸಿದ್ದವು. ಆಕೆ ಒಳಗೆ ಹೋಗಿ, ಬಗ್ಗಿ ಮೇಜಿನ ಕೆಳಗೂ ಹುಡುಕಿದರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ನನಗೆ.

“ಸೀಟ್ ಹಿಡದೀರೇನ್ರೀ ಸರ? ಅದೂ ನನ್ ಫೋನ್ ಇಟ್ಟು?” ಎಂದು ವನಜಾ ಪಿಸುಗುಟ್ಟಿದಳು.

ನಾನು ನೆಟ್‌ವರ್ಕಿನ ಮೇಲೆ ಗೂಬೆ ಕೂರಿಸಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ಒಡತಿಯ ಮುಂದೆ ನಿಂತು ಕರ್ಚೀಫಿನ ಪುರಾಣವನ್ನು ಇಂಗ್ಲಿಷಿನಲ್ಲಿ ಒಪ್ಪಿಸಿ, ತನ್ನ ಪೆಟ್ಟಿಗೆಗೆ ಫೋನು ಯಾವುದು, ಮನುಷ್ಯ ಯಾರು ಎಂದು ಇನ್ನೂ ತಿಳಿಯದೆಂದು ಒಪ್ಪಿಕೊಂಡು, ಅಲುಗಾಡದ ಫೋನನ್ನು ಲೆಕ್ಕಕ್ಕೆ ಹಿಡಿಯದಂತೆ ತಿದ್ದಲು ಒಂದು ತಿಂಗಳು ಕೇಳಿದಳು. ಒಡತಿ ಮನಸಾರೆ ನಕ್ಕು ಆ ಒಂದು ತಿಂಗಳನ್ನು ಕೊಟ್ಟರು. ನನ್ನ ಮಗಳ ವಯಸ್ಸಿನ ಆ ಹುಡುಗಿಯ ಮೇಲೆ ಅಂದು ನನಗೆ ತುಂಬಾ ಗೌರವ ಹುಟ್ಟಿತು.

ತಿಂಗಳೊಳಗೆ ಪೆಟ್ಟಿಗೆ ಬುದ್ಧಿ ಕಲಿಯಿತು. ವನಜಾಳ ದುಡಿಮೆ ಉಳಿಯಿತು. ಈಗ ನಮ್ಮ ಆಫೀಸಿಗೂ ಅದೇ ಪೆಟ್ಟಿಗೆ. ಇದನ್ನು ಬರೆಯುತ್ತಾ, ಮುಂದಿನ ವಾಕ್ಯಕ್ಕಾಗಿ ಗಲ್ಲಕ್ಕೆ ಕೈಕೊಟ್ಟು ಬಹಳ ಹೊತ್ತು ಕುಳಿತಿದ್ದೆನೇನೋ, ಫೋನೂ ಮೇಜಿನ ಮೇಲೆ ನಿಶ್ಚಲವಾಗಿತ್ತು, ದೀಪ ಆರಿಹೋಯಿತು. ವನಜಾಳ ಲೆಕ್ಕದಲ್ಲಿ, ಯಾರೋ ನನ್ನನ್ನು ಈ ಕುರ್ಚಿಯ ಮೇಲಿಟ್ಟು ಕಾಫಿಗೆ ಹೋಗಿದ್ದಾರೆ.